ನೋವೇ ಇಲ್ಲದ ಹೃದಯಾಘಾತ

ಸಕ್ಕರೆ ಕಾಯಿಲೆ ಅಂದರೆ ಎಲ್ಲರ ಕಣ್ಣೂ ಗ್ಲೂಕೋಮೀಟರ್ ಮೇಲೆ. ಹೊಡೆತ ಬೀಳುವುದು ಮಾತ್ರ ರಕ್ತನಾಳಕ್ಕೆ. ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ನಾಳದ ಒಳಪದರದಲ್ಲಿ, ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಅನಿಲ ಕಡಿಮೆಯಾಗುತ್ತದೆ. ನಾಳ ಸಡಿಲಗೊಳ್ಳುವುದಿಲ್ಲ, ಹಾಳಾದ ಪದರದೊಳಗೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ನುಸುಳಿ ಕೂರುತ್ತದೆ.

ನರಗಳೂ ಕೆಡುವುದರಿಂದ ಹೃದಯಾಘಾತವಾದರೂ ಎದೆನೋವು ಬಾರದೇ ಇರಬಹುದು. ಬರೀ ಏದುಸಿರು, ತಣ್ಣನೆ ಬೆವರು, ವಾಕರಿಕೆ, ವಿಪರೀತ ಸುಸ್ತು. "ಗ್ಯಾಸ್ಟ್ರಿಕ್ ಇರಬೇಕು" ಅಂತ ಮಲಗಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಕಾಲಿನದು ಇನ್ನೊಂದು ಮೋಸ. ಪಾದದ ಗಂಟಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುವ ಎಬಿಐ ಪರೀಕ್ಷೆಯಲ್ಲಿ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳ ಕಿರಿದಾಗಿದೆ ಎಂದರ್ಥ. ಆದರೆ ಸಕ್ಕರೆ ಇರುವ ಎಷ್ಟೋ ಜನರಲ್ಲಿ ನಾಳದ ಗೋಡೆಗೆ ಕ್ಯಾಲ್ಸಿಯಂ ಕಟ್ಟಿ, ಬಿಪಿ ಪಟ್ಟಿ ಎಷ್ಟು ಬಿಗಿದರೂ ನಾಳ ಅಮುಕಿಹೋಗುವುದಿಲ್ಲ, ಹಾಗಾಗಿ ಅಂಕಿ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಅಂಕಿ 1.4 ದಾಟಿದರೆ ಅನುಮಾನವಾದರೂ ಬರುತ್ತದೆ. ಒಳಗೆ ನಾಳ ಕಿರಿದಾಗಿದ್ದೂ 1.0 ಅಂತ ನಾರ್ಮಲ್ ತೋರಿಸಿದರೆ? ಅಂಥವರಿಗೆ ಕಾಲಿನ ಹೆಬ್ಬೆರಳಿನ ಒತ್ತಡ ಅಳೆಯಬೇಕು, ಅಲ್ಲಿನ ಸಣ್ಣ ನಾಳಗಳು ಸಾಮಾನ್ಯವಾಗಿ ಅಷ್ಟು ಗಟ್ಟಿಯಾಗಿರುವುದಿಲ್ಲ.

ಸಕ್ಕರೆಯೊಂದನ್ನೇ ಇಳಿಸಿದರೆ ಸಾಲದು. ಹೆಚ್ಚಿನವರಿಗೆ ಬಿಪಿ 130/80ರ ಕೆಳಗೆ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 7ರ ಆಸುಪಾಸು, ಎಲ್‌ಡಿಎಲ್ 70ರೊಳಗೆ. ಈಗಾಗಲೇ ಹೃದ್ರೋಗವಿದ್ದರೆ 55ರೊಳಗೆ. ರಿಪೋರ್ಟ್ ಚೆನ್ನಾಗಿ ಬಂತೆಂದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಿಡುವವರಿದ್ದಾರೆ. ಚೆನ್ನಾಗಿ ಬಂದದ್ದೇ ಆ ಮಾತ್ರೆಯಿಂದ. ಬಿಟ್ಟ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮತ್ತೆ ಮೇಲೇರುತ್ತದೆ.