ಹಕ್ಕಿ ನೋಡಲು ಎಲ್ಲಿಗೆ ಹೋಗಬೇಕು?

ಬೈನಾಕ್ಯುಲರ್ ಕೊಂಡವರು, ಕೊಳ್ಳಬೇಕೆಂದಿರುವವರು, ಮಕ್ಕಳಿಗೆ ಹಕ್ಕಿಗಳನ್ನು ತೋರಿಸಬೇಕೆಂದಿರುವವರು, ಎಲ್ಲರೂ ನನ್ನನ್ನು ಕೇಳುವುದು ಇದೊಂದೇ ಪ್ರಶ್ನೆ. ನಾನಿರುವುದು ಮೈಸೂರು ಸೀಮೆಯಲ್ಲಾದ್ದರಿಂದ ‘ರಂಗನತಿಟ್ಟು’ ಎನ್ನುತ್ತೇನೆಂದು ಅವರು ಕಾಯುತ್ತಿರುತ್ತಾರೆ. ನನ್ನ ಉತ್ತರ ಬೇರೆ: ಮನೆಗೆ ಹತ್ತಿರದ ಕೆರೆಗೆ ಹೋಗಿ; ಮುಂದಿನ ವಾರವೂ ಅದೇ ಕೆರೆಗೆ ಹೋಗಿ.

ರಂಗನತಿಟ್ಟಿನ ಬಗ್ಗೆ ನನಗೆ ಅಪಾರ ಗೌರವವಿದೆ. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ ಮೈಸೂರು ಅರಸರು 1940ರಲ್ಲಿ ಆ ನಡುಗಡ್ಡೆಗಳನ್ನು ಪಕ್ಷಿಧಾಮವೆಂದು ಘೋಷಿಸದಿದ್ದರೆ ಇಂದು ಅಲ್ಲಿ ಅಷ್ಟು ಗೂಡುಗಳು ಉಳಿಯುತ್ತಿದ್ದುವೋ ಇಲ್ಲವೋ. ಆದರೆ ಅಲ್ಲಿ ದೋಣಿ ನಡೆಸುವವರು ನಮಗೆ ಹಕ್ಕಿಯನ್ನು ತೋರಿಸುತ್ತಾರೆ. ಊರ ಕೆರೆಯಲ್ಲಿ ಹಕ್ಕಿಯನ್ನು ನಾವೇ ಹುಡುಕಬೇಕು, ಅದು ಏನು ಮಾಡುತ್ತಿದೆ, ಏಕೆ ಮಾಡುತ್ತಿದೆ ಎಂಬುದನ್ನೂ ನಾವೇ ಬಿಡಿಸಿಕೊಳ್ಳಬೇಕು. ಕಲಿಕೆ ಇರುವುದು ಅಲ್ಲಿಯೇ.

ದೇವನಕ್ಕಿಯ ಉದಾಹರಣೆಯನ್ನೇ ಕೊಡುತ್ತೇನೆ. ತಾವರೆ ಎಲೆಗಳ ಮೇಲೆ ಉದ್ದುದ್ದ ಬೆರಳುಗಳನ್ನು ಹರಡಿಕೊಂಡು ನಡೆಯುವ ಈ ಹಕ್ಕಿಗೆ ಮಳೆಗಾಲದಲ್ಲಿ ಕುಡುಗೋಲಿನಂತೆ ಬಾಗಿದ ಉದ್ದ ಬಾಲವಿರುತ್ತದೆ, ಹಿಂಗತ್ತು ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ. ಚಳಿಗಾಲದಲ್ಲಿ ಆ ಬಾಲವೂ ಇಲ್ಲ, ಆ ಗಾಢ ಬಣ್ಣವೂ ಇಲ್ಲ. ಜನವರಿಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ನೋಡಿದವರು ಇವು ಎರಡು ಬೇರೆ ಜಾತಿಯ ಹಕ್ಕಿಗಳೆಂದೇ ನಂಬುತ್ತಾರೆ. ಅಷ್ಟೇ ಅಲ್ಲ, ಹೆಣ್ಣು ನಾಲ್ಕು ಮೊಟ್ಟೆಗಳನ್ನಿಟ್ಟು ಬೇರೊಂದು ಗಂಡನ್ನು ಅರಸಿ ಹೋಗುತ್ತದೆ. ಕಾವು ಕೊಡುವುದೂ ಮರಿಗಳನ್ನು ಕಾಯುವುದೂ ಗಂಡಿನ ಕೆಲಸ. ಒಂದು ರಾತ್ರಿ ಜೋರು ಮಳೆಯಾಗಿ ನೀರು ಏರಿದ ಮರುದಿನ ಬೆಳಿಗ್ಗೆ, ಏರಿಯ ಮೇಲೆ ಕುಳಿತು ನಾನು ಒಂದು ಗಂಡನ್ನು ಬಹಳ ಹೊತ್ತು ನೋಡಿದೆ. ಅದು ಕಂಚಿನ ಬಣ್ಣದ ಮೊಟ್ಟೆಯೊಂದನ್ನು ಕೊಕ್ಕಿಗೂ ಎದೆಗೂ ನಡುವೆ ಅವುಚಿಕೊಂಡು, ಮುಳುಗುತ್ತಿದ್ದ ಎಲೆಯಿಂದ ಪಕ್ಕದ ಗಿಡಗಂಟಿಯ ಮೆತ್ತೆಗೆ ಮೆಲ್ಲಮೆಲ್ಲನೆ ಸಾಗಿಸಿತು. ಸ್ವಲ್ಪ ಹೊತ್ತು ಅದರ ಮೇಲೆ ಕುಳಿತು, ಮತ್ತೊಂದನ್ನು ತರಲು ಹಿಂದಿರುಗಿತು. ಹಿಂದಿನ ವಾರ ಆ ಗೂಡು ಎಲ್ಲಿತ್ತೆಂದು ಗೊತ್ತಿರದಿದ್ದರೆ ಅದು ಮಾಡುತ್ತಿದ್ದುದೇನೆಂದು ನನಗೆ ತಿಳಿಯುತ್ತಲೇ ಇರಲಿಲ್ಲ.

ಒಂದೇ ಕೆರೆಯಲ್ಲಿ ನೋಡಲು ಅಷ್ಟೇನಿದೆ ಎಂದು ಮರುಪ್ರಶ್ನೆ ಬರುತ್ತದೆ. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಈ ಹಕ್ಕಿಗಳು ಮಂಗೋಲಿಯಾ, ಟಿಬೆಟ್‌ಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವಂಥವು. ಮಂಗೋಲಿಯಾದಲ್ಲಿ ಗುರುತಿಗೆಂದು ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಹಗಲಿನಲ್ಲಿ ಹೋದವರಿಗೆ ಕಾಣುವುದು ನೀರಿನ ನಡುವೆ ತಲೆ ಹುದುಗಿಸಿ ಮಲಗಿರುವ ಗುಂಪು ಮಾತ್ರ. ಅವು ಮೇಯುವುದು ಸಂಜೆಯಿಂದ ನಸುಕಿನವರೆಗೆ, ಸುತ್ತಲಿನ ಗದ್ದೆ ಹೊಲಗಳಲ್ಲಿ. ಇದನ್ನು ನನಗೆ ಮೊದಲು ಹೇಳಿದವರು ಹುರುಳಿ ಬಿತ್ತಿದ್ದ ಒಬ್ಬ ರೈತರು. ‘ಕತ್ತಲಲ್ಲೇ ಬತ್ತವೆ ಸಾ, ಬೆಳಕು ಹರಿಯೋ ಹೊತ್ಗೆ ಕೆರೆಗೆ ಇಳ್ಕತ್ತವೆ’ ಎಂದರು. ಬೆಳೆ ಹೋದ ಬೇಸರ ಅವರ ಮಾತಿನಲ್ಲಿತ್ತು. ಕೆರೆಯಂಗಳದ ಜನರನ್ನು ಮಾತನಾಡಿಸದೆ ಹಕ್ಕಿಯನ್ನು ಮಾತ್ರ ನೋಡಿ ಬರುವುದು ಅರ್ಧ ನೋಟವೇ ಸರಿ.

ಕೆಲವು ವರ್ಷ ಒಂದೇ ಕಡೆ ಹೋದ ಮೇಲೆ ನೀರಿನ ಮಟ್ಟವನ್ನು ಓದುವುದು ಅಭ್ಯಾಸವಾಗುತ್ತದೆ. ಕೆರೆ ಇಳಿಯುತ್ತ ಬಂದು ಅಂಚಿನಲ್ಲಿ ಕೆಸರು ತೇಲಿದಾಗ ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ಸಿಪಿಲೆಗಳು ಬರುತ್ತವೆ, ಏಕೆಂದರೆ ನಡೆದೇ ಮೇಯುವ ಈ ಹಕ್ಕಿಗಳಿಗೆ ಕಾಲಿನ ಎತ್ತರಕ್ಕಿಂತ ಆಳದ ನೀರು ಉಪಯೋಗಕ್ಕೆ ಬಾರದು. ಹೂಳೆತ್ತಿ ನಾಲ್ಕೂ ದಡಗಳನ್ನು ಕಡಿದಾಗಿ ಕತ್ತರಿಸಿ, ನದಿಯ ನೀರನ್ನು ಏರಿಸಿ ಬೇಸಿಗೆಯಲ್ಲೂ ಕೆರೆಯನ್ನು ಕೋಡಿಯವರೆಗೆ ತುಂಬಿಸಿದರೆ ನಾಮದ ಕೋಳಿಗೂ ನೀರುಕಾಗೆಗೂ ಅನುಕೂಲವೇ, ಆದರೆ ಈ ಕೆಸರಂಚಿನ ಹಕ್ಕಿಗಳು ಕಾಲಿಡಲು ಜಾಗವಿಲ್ಲದಂತಾಗುತ್ತದೆ. ರೈತರಿಗೆ ನೀರು ಬೇಕೇ ಬೇಕು; ಒಂದು ದಡವನ್ನಾದರೂ ಇಳಿಜಾರಾಗಿ ಬಿಟ್ಟರೆ ಇಬ್ಬರಿಗೂ ಆಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೊರಡುವವರಿಗೆ ಬೇಕಾದುದು ಸ್ವಲ್ಪವೇ. ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮಸೂರದ ಬೈನಾಕ್ಯುಲರ್ ಸಾಕು. ಸೂರ್ಯ ಬೆನ್ನ ಹಿಂದೆ ಇರುವಂತೆ ನಿಲ್ಲಿ. ಬೆಳಿಗ್ಗೆ ಏರಿ ಯಾವ ದಿಕ್ಕಿಗಿದೆ ಎಂದು ನೋಡಿಕೊಂಡೇ ದಾರಿ ಹಿಡಿಯಿರಿ. ಗೂಡಿನ ಬಳಿ ಹೋಗಬೇಡಿ. ಫೋಟೋ ಚೆನ್ನಾಗಿ ಬರಲೆಂದು ಹೆಬ್ಬಾತುಗಳ ಗುಂಪನ್ನು ಎಬ್ಬಿಸಬೇಡಿ, ರಾತ್ರಿಯೆಲ್ಲ ಮೇದು ಬಂದ ಹಕ್ಕಿಗೆ ಹಗಲಿನ ಆ ವಿಶ್ರಾಂತಿ ಅಗತ್ಯ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ನೀರು ತೂಬಿನ ಎಷ್ಟನೆಯ ಮೆಟ್ಟಿಲಿಗಿದೆ ಎಂಬುದು, ಆಮೇಲೆ ಹಕ್ಕಿಗಳ ಹೆಸರು ಮತ್ತು ಸಂಖ್ಯೆ, ಇಷ್ಟನ್ನು ಬರೆಯಿರಿ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದುದ್ದಕ್ಕೂ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ಅದಕ್ಕೆ ಬೇಕಾಗುವುದೂ ಇಂಥ ಲೆಕ್ಕವೇ, ಅದೂ ಯಾರೂ ಎಣಿಸದೆ ಬಿಟ್ಟಿರುವ ಸಣ್ಣ ಕೆರೆಯದು.