ಮಕ್ಕಳ ಮುಂದೆ ಫೋನು ತೆಗೆಯದ ಕಾರ್ಯಕರ್ತೆ ಮತ್ತು ನನ್ನ ಭೇಟಿ ಪುಸ್ತಕ

ಕೊಡಗಿನ ಕಾಫಿ ತೋಟಗಳ ನಡುವಿನ ಅಂಗನವಾಡಿಗಳಿಗೆ ಮೇಲ್ವಿಚಾರಕಿಯಾಗಿ ದುಡಿಯುತ್ತಿರುವ ನಾನು, ಶಾಲಾಪೂರ್ವ ಶಿಕ್ಷಣದಲ್ಲಿ ಫೋನು, ವಿಡಿಯೊಗಳನ್ನು ಬಳಸದ ಕಾರ್ಯಕರ್ತೆಯರಿಗೆ ತರಬೇತಿ ಸಾಲದು ಎಂದೇ ಬಹಳ ಕಾಲ ನಂಬಿದ್ದೆ. ಭೇಟಿ ಪುಸ್ತಕದಲ್ಲಿಯೂ ಹಾಗೆಯೇ ಬರೆಯುತ್ತಿದ್ದೆ. ಆ ಬರಹ ತಪ್ಪೆಂದು ತಿಳಿದದ್ದು ಸಿದ್ದಾಪುರದ ಕಡೆಯ ಒಂದು ಕೇಂದ್ರದಲ್ಲಿ, ಜುಲೈ ತಿಂಗಳ ಮಳೆಯಲ್ಲಿ.

ಅಲ್ಲಿನ ಕಾರ್ಯಕರ್ತೆಗೆ 20 ವರ್ಷ ಮೀರಿದ ಅನುಭವವಿದೆ. ಮಕ್ಕಳ ತೂಕ, ಎತ್ತರ ದಾಖಲಿಸುವ ಇಲಾಖೆಯ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಅವರ ದಾಖಲೆ ಒಂದು ದಿನವೂ ಬಾಕಿ ಉಳಿದದ್ದಿಲ್ಲ. ನೆಟ್‌ವರ್ಕ್ ಸಿಗದ ದಿನ ಕೊಡೆ ಹಿಡಿದು ಗುಡ್ಡದ ಮೇಲಿನ ರಸ್ತೆಯವರೆಗೆ ನಡೆದು ಮಾಹಿತಿ ಕಳುಹಿಸುತ್ತಿದ್ದರು. ಅಂಥವರಿಗೆ ಫೋನು ಬಳಸಲು ಬಾರದು ಎನ್ನುವಂತಿರಲಿಲ್ಲ. ಆದರೂ ಮಕ್ಕಳ ಮುಂದೆ ಅವರು ಅದನ್ನು ತೆಗೆಯುತ್ತಿರಲಿಲ್ಲ. ಕಾರಣ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಈ ಫೋನು ಬಂದಂದಿನಿಂದ ತೂಕ ಎಷ್ಟು, ಎತ್ತರ ಎಷ್ಟು, ಫೋಟೊ ಹಾಕಿದಿರಾ ಎಂದಷ್ಟೇ ನನ್ನನ್ನು ಕೇಳಿದೆ. ಇದು ಇಲಾಖೆಯ ವಸ್ತು, ಮಕ್ಕಳದ್ದಲ್ಲ. ಮಳೆಯ ಹಾಡಿನ ವಿಡಿಯೊ ತೋರಿಸಿ ಎನ್ನುತ್ತೀರಿ. ಹೊರಗೆ ಮೂರು ವಾರದಿಂದ ಬಿಡದೆ ಸುರಿಯುತ್ತಿದೆ, ತಗಡಿನ ಮಾಡಿನ ಸದ್ದಿಗೆ ಫೋನಿನ ದನಿ ಕೇಳುವುದೂ ಇಲ್ಲ. ಮಕ್ಕಳನ್ನು ಜಗಲಿಗೆ ಕರೆದುಕೊಂಡು ಹೋಗಿ ಕೈ ಚಾಚಿಸಿದರೆ ಸಾಲದೇ?"

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. 3ರಿಂದ 4 ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಸಮಯ ದಿನಕ್ಕೆ 1 ಗಂಟೆ ಮೀರಬಾರದು, ಇನ್ನೂ ಕಡಿಮೆಯಾದಷ್ಟು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವುದನ್ನು ನಾನು ಓದಿದ್ದೆ. ಅವರು ಓದದೆಯೇ ಅದರ ಹತ್ತಿರಕ್ಕೆ ಬಂದಿದ್ದರು. ಶಿಕ್ಷಕರು ತಂತ್ರಜ್ಞಾನವನ್ನು ತರಗತಿಗೆ ತರಲು ಇರುವ ಅಡ್ಡಿಗಳನ್ನು ಅಮೆರಿಕದ ಸಂಶೋಧಕಿ ಪೆಗ್ಗಿ ಅರ್ಟ್‌ಮರ್ 1999ರಲ್ಲಿ ಎರಡಾಗಿ ವಿಂಗಡಿಸಿದ್ದರು: ಉಪಕರಣ, ಸಮಯ, ತರಬೇತಿಗಳ ಕೊರತೆ ಹೊರಗಿನದು, ಮಗು ಹೇಗೆ ಕಲಿಯುತ್ತದೆ ಎಂಬುದರ ಬಗ್ಗೆ ಶಿಕ್ಷಕಿಯ ಮನಸ್ಸಿನಲ್ಲಿ ಬೇರೂರಿದ ನಂಬಿಕೆ ಒಳಗಿನದು. ನಾನು ಇಷ್ಟು ವರ್ಷ ಹೊರಗಿನದನ್ನು ಮಾತ್ರ ಲೆಕ್ಕ ಹಾಕುತ್ತಿದ್ದೆ. ಮೇಲಾಗಿ, ಒಳಗಿನ ನಂಬಿಕೆಯೆಲ್ಲವೂ ಅಡ್ಡಿಯೇ ಆಗಿರಬೇಕಿಲ್ಲ, ಅದರಲ್ಲಿ ವಿವೇಕವೂ ಇರಬಹುದು ಎಂಬುದು ಆ ಜಗಲಿಯಲ್ಲಿ ನಿಂತಾಗಲೇ ಹೊಳೆಯಿತು.

ಅದೇ ವಾರ ಇನ್ನೊಂದು ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ದಿನವೂ ವಿಡಿಯೊ ಓಡುತ್ತದೆ, ನಾನು ಸದಾ 'ಉತ್ತಮ' ಎಂದು ಬರೆಯುತ್ತಿದ್ದೆ. ಈ ಸಲ ಕುಳಿತು ನೋಡಿದಾಗ, ಮಕ್ಕಳು ಅಲುಗಾಡದೆ ಪರದೆ ನೋಡುತ್ತಿದ್ದರು, ಕಾರ್ಯಕರ್ತೆ ರಿಜಿಸ್ಟರ್ ತುಂಬುತ್ತಿದ್ದರು. ಇದನ್ನು ಸೋಮಾರಿತನ ಎನ್ನಲಾರೆ. ಖಾಸಗಿ ಶಾಲೆಯ ವ್ಯಾನು ಬೆಳಿಗ್ಗೆ ಅದೇ ರಸ್ತೆಯಲ್ಲಿ ಬಂದು ಎಲ್‌ಕೆಜಿಗೆ ಮಕ್ಕಳನ್ನು ಕರೆದೊಯ್ಯುತ್ತದೆ. ತನ್ನ ಕೇಂದ್ರವೂ ಕಡಿಮೆಯಿಲ್ಲ ಎಂದು ತಾಯಂದಿರಿಗೆ ತೋರಿಸಲು ಆಕೆಗೆ ಇದ್ದದ್ದು ಆ ಪರದೆಯೊಂದೇ. ಅದೂ ಒಂದು ನಂಬಿಕೆಯೇ, ಮಕ್ಕಳ ಕಲಿಕೆಗಿಂತ ಹೆಚ್ಚಾಗಿ ಆಕೆಯ ಮರ್ಯಾದೆಗೆ ಸಂಬಂಧಿಸಿದ್ದು.

ನನ್ನ ವ್ಯಾಪ್ತಿಯ ಕಾರ್ಯಕರ್ತೆಯರೆಲ್ಲ ಸೇರುವ ಮುಂದಿನ ವೃತ್ತ ಸಭೆಯಲ್ಲಿ ಆ್ಯಪ್ ತೋರಿಸುವುದನ್ನು ಬಿಟ್ಟು, ಮಾತನಾಡದ ಮಗು ನಿಮ್ಮಲ್ಲಿ ಹೇಗೆ ಮಾತಿಗೆ ಬರುತ್ತದೆ ಎಂದು ಕೇಳಿದೆ. ಚರ್ಚೆ ಎರಡು ಗಂಟೆ ನಡೆಯಿತು. ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ, ತುಳು ಹೀಗೆ ಒಂದೇ ಕೋಣೆಯಲ್ಲಿ ನಾಲ್ಕೈದು ಮನೆಮಾತುಗಳಿರುವ ನಮ್ಮ ಕೇಂದ್ರಗಳಲ್ಲಿ ಇದು ಎಲ್ಲರಿಗೂ ದಿನನಿತ್ಯದ ಪ್ರಶ್ನೆ. ಸಿದ್ದಾಪುರದ ಕಾರ್ಯಕರ್ತೆಯ ಕೇಂದ್ರದಲ್ಲಿ ತೋಟದ ಕಾರ್ಮಿಕರ ಲೈನ್ ಮನೆಯ, ಯರವ ಬುಡಕಟ್ಟಿನ ಒಂದು ಮಗು ಸೇರಿ ತಿಂಗಳಾದರೂ ಬಾಯಿ ಬಿಟ್ಟಿರಲಿಲ್ಲ. ಸಭೆಯ ನಂತರ ಅವರು ಆ ಮಗುವಿನ ಅಜ್ಜಿಯನ್ನು ಕಂಡು, ಕೇಳಿ ಒಪ್ಪಿಸಿ, ಕೆಸುವಿನ ಎಲೆ, ಕಣಿಲೆ (ಎಳೆ ಬಿದಿರು), ಅಣಬೆಗಳ ಹೆಸರನ್ನು ಅಜ್ಜಿಯ ಭಾಷೆಯಲ್ಲಿಯೇ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡರು. ಮಳೆ ನಿಂತ ಒಂದು ಬೆಳಿಗ್ಗೆ ಅವುಗಳನ್ನೇ ಚಾಪೆಯ ಮೇಲೆ ಹರಡಿ, ಫೋನನ್ನು ಮಗುಚಿ ಇಟ್ಟು, ಅಜ್ಜಿಯ ದನಿ ಕೇಳಿಸಿದರು. ಮಗು ಕೆಸುವಿನ ಎಲೆ ಎತ್ತಿಕೊಂಡು ಅಜ್ಜಿಯ ಮಾತನ್ನೇ ತಿರುಗಿ ಹೇಳಿತಂತೆ.

"ಇದು ಫೋನಿನ ಕೆಲಸವಲ್ಲ, ಅಜ್ಜಿಯದು" ಎಂದು ಅವರು ಈಗಲೂ ಹೇಳುತ್ತಾರೆ. ನಾನು ವಾದಿಸುವುದಿಲ್ಲ. ವಿಡಿಯೊ ಅವರು ಇಂದಿಗೂ ತೋರಿಸುವುದಿಲ್ಲ, ನಾನು ಒತ್ತಾಯಿಸುವುದನ್ನೂ ಬಿಟ್ಟಿದ್ದೇನೆ. ಭೇಟಿ ಪುಸ್ತಕದಲ್ಲಿ ಈಗ, ಸಾಧನ ಬಳಸಿದ ಹೊತ್ತಿನಲ್ಲಿ ಯಾರು ಮಾತನಾಡಿದರು ಎಂದು ಬರೆಯುತ್ತೇನೆ. ಆ ಕೇಂದ್ರದ ಫೋನಿನಲ್ಲಿ ಐದು ಮನೆಗಳ ದನಿ ಸೇರಿದೆ. ಅಸ್ಸಾಮಿನಿಂದ ತೋಟಕ್ಕೆ ಬಂದ ಕುಟುಂಬದ ತಾಯಿಯೊಬ್ಬರ ಲಾಲಿ ಹಾಡು ಇನ್ನೂ ಬಾಕಿಯಿದೆ. ಆಕೆ ಕೆಲಸ ಮುಗಿಸಿ ಬರುವ ಹೊತ್ತಿಗೆ ಕೇಂದ್ರದ ಬಾಗಿಲು ಮುಚ್ಚಿರುತ್ತದೆ.