ವಾಸ್ಕೋ ಹೆಸರಿನ ಕ್ಲಬ್ಬು, ರಿಯೋದ ಒಂದು ಭಾನುವಾರ

ನಮ್ಮ ಮಲ್ಪೆ ಕಡೆಯವರಿಗೆ ವಾಸ್ಕೋ ಡ ಗಾಮ ನೆನಪಾಗುವುದು ಎರಡೇ ಸಲ. ಶಾಲೆಯಲ್ಲಿ ಬಿಟ್ಟ ಸ್ಥಳ ತುಂಬುವಾಗ ಒಮ್ಮೆ: 1498, ಕಲ್ಲಿಕೋಟೆ. ಆಮೇಲೆ ಊರಿಗೆ ಬಂದ ನೆಂಟರನ್ನು ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗಿ, 'ಇಲ್ಲೇ ಇಳಿದು ಶಿಲುಬೆ ನೆಟ್ಟನಂತೆ' ಅಂತ ಹೇಳುವಾಗ. ಅವನ ಮೇಲೆ ಪ್ರೀತಿಯೇನೂ ಇಲ್ಲ. ಉಳ್ಳಾಲದ ಅಬ್ಬಕ್ಕನ ಕಥೆ ಕೇಳಿ ಬೆಳೆದವರಿಗೆ ಪೋರ್ಚುಗೀಸರ ಮೇಲೆ ಪ್ರೀತಿ ಎಲ್ಲಿಂದ ಬರಬೇಕು?

ಕೆಲಸದ ಮೇಲೆ ಬ್ರೆಜಿಲ್‌ನ ರಿಯೋ ಡಿ ಜನೈರೋದಲ್ಲಿದ್ದಾಗ ಆಫೀಸಿನ ಗೆಳೆಯನೊಬ್ಬ 'ಭಾನುವಾರ ವಾಸ್ಕೋ ಮ್ಯಾಚಿದೆ, ಬರ್ತೀಯಾ' ಅಂತ ಕೇಳಿದ. ಹೋಗಿ ಹೋಗಿ ಇವನ ಹೆಸರಿನ ಫುಟ್‌ಬಾಲ್ ತಂಡಕ್ಕೆ ನಾನು ಚಪ್ಪಾಳೆ ತಟ್ಟಬೇಕಾ ಅನ್ನಿಸಿತು. ಆದರೂ ಸುಮ್ನೆ ರೂಮಿನಲ್ಲಿ ಕೂತು ಮಾಡುವುದೇನು ಅಂತ ಹೊರಟೆ.

ಕ್ಯಾಬ್ ಡ್ರೈವರ್ ಸಾವೊ ಜನುವಾರಿಯೊ ಸ್ಟೇಡಿಯಂಗೆ ಇನ್ನೂ ದೂರ ಇರುವಾಗಲೇ ಇಳಿಸಿಬಿಟ್ಟ. ಮುಂದೆಲ್ಲ ಜನ. ಕಪ್ಪು ಅಂಗಿ, ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಇಳಿದ ಬಿಳಿ ಪಟ್ಟಿ, ಎದೆಯ ಮೇಲೆ ಕೆಂಪು ಶಿಲುಬೆ. ಕಲ್ಲಿಕೋಟೆಗೆ ಬಂದ ಹಡಗುಗಳ ಹಾಯಿಯ ಮೇಲಿದ್ದದ್ದೂ ಇಂಥದೇ ಶಿಲುಬೆ. ಥರ್ಮೋಕೋಲ್ ಡಬ್ಬಿಯಲ್ಲಿ ಬಿಯರ್ ಇಟ್ಟುಕೊಂಡವರು, ಫುಟ್‌ಪಾತಿನಲ್ಲೇ ಕೆಂಡ ಹಾಕಿ ಕಡ್ಡಿಗೆ ಚುಚ್ಚಿದ ಮಾಂಸ ಸುಡುವವರು. ಪಕ್ಕದಲ್ಲೇ ಬರೇರಾ ದೊ ವಾಸ್ಕೋ ಅನ್ನುವ ಫವೇಲಾ, ಅಂದರೆ ಬಡವರು ಒತ್ತೊತ್ತಾಗಿ ಮನೆ ಕಟ್ಟಿಕೊಂಡ ಕೇರಿ. ಸ್ಟೇಡಿಯಂನ ಮುಖ ಮಾತ್ರ ಯಾವುದೋ ಹಳೇ ಪೋರ್ಚುಗೀಸ್ ಬಂಗಲೆಯ ಹಾಗಿತ್ತು.

ಗೇಟಿನ ಸಾಲು ಉದ್ದ ಇತ್ತು. ಅಷ್ಟರಲ್ಲಿ ಗೆಳೆಯ ಕ್ಲಬ್ಬಿನ ಕಥೆ ಶುರುಮಾಡಿದ. ಇದು ಹುಟ್ಟಿದ್ದು 1898ರ ಆಗಸ್ಟ್ 21ಕ್ಕೆ, ಅದೂ ದೋಣಿ ಓಡಿಸುವವರ ಕ್ಲಬ್ಬಾಗಿ. ಗಾಮ ಭಾರತಕ್ಕೆ ಬಂದು 400 ವರ್ಷ ಆದ ಸಂಭ್ರಮದಲ್ಲಿ, ರಿಯೋದ ಪೋರ್ಚುಗೀಸ್ ವಲಸಿಗರು ಈ ಹೆಸರು ಇಟ್ಟರು. ನಮ್ಮ ಕರಾವಳಿಗೆ ಬಂದ ಪುಣ್ಯಾತ್ಮನ ಹೆಸರು ಅಲ್ಲಿಗೆ ಹೋದದ್ದು ಹೀಗೆ.

ಇಷ್ಟಾದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ವಿಷಯ ಇರುವುದು 1923ರಲ್ಲಿ.

ಆಗ ರಿಯೋದಲ್ಲಿ ಫುಟ್‌ಬಾಲ್ ಅಂದರೆ ದೊಡ್ಡ ಮನೆಯ ಹುಡುಗರ ಆಟ. ಫ್ಲುಮಿನೆನ್ಸೆ, ಫ್ಲಮೆಂಗೊ, ಬೊಟಾಫೊಗೊದವರದೇ ರಾಜ್ಯಭಾರ. ಎರಡನೇ ದರ್ಜೆಯಿಂದ ಆಗಷ್ಟೇ ಮೇಲೆ ಬಂದಿದ್ದ ವಾಸ್ಕೋ, ಕರಿಯರನ್ನೂ ಬಡ ಬಿಳಿಯರನ್ನೂ ಸೇರಿಸಿಕೊಂಡು ಕಣಕ್ಕಿಳಿಯಿತು. ಗೋಲ್‌ಕೀಪರ್ ಟ್ಯಾಕ್ಸಿ ಡ್ರೈವರ್. ಇನ್ನೊಬ್ಬ ಗೋಡೆಗೆ ಬಣ್ಣ ಹೊಡೆಯುವವನು, ಮತ್ತೊಬ್ಬ ಬಂದರಿನಲ್ಲಿ ಹೊರೆ ಹೊರುವವನು. ಆಟಕ್ಕೆ ಸಂಬಳ ಕೊಡುವ ಹಾಗಿರಲಿಲ್ಲ. ಅದಕ್ಕೆ ಪೋರ್ಚುಗೀಸ್ ವ್ಯಾಪಾರಿಗಳು ತಮ್ಮ ಅಂಗಡಿಯ ಲೆಕ್ಕದಲ್ಲಿ ಕೆಲಸದವರು ಅಂತ ಇವರ ಹೆಸರು ಬರೆದುಕೊಂಡರು. ರಮೋನ್ ಪ್ಲಾಟೆರೊ ಅನ್ನುವ ಉರುಗ್ವೆಯ ಕೋಚ್ ಇವರನ್ನು ಬೆವರಿಳಿಯುವವರೆಗೆ ಓಡಿಸುತ್ತಿದ್ದ. ಅರ್ಧ ಆಟ ಮುಗಿಯುವಷ್ಟರಲ್ಲಿ ಸಾಹುಕಾರರ ಮಕ್ಕಳು ಸುಸ್ತು, ಇವರು ಇನ್ನೂ ಓಡುತ್ತಲೇ ಇದ್ದರು. ಆ ವರ್ಷದ ಚಾಂಪಿಯನ್ ವಾಸ್ಕೋ.

ಮುಂದಿನ ವರ್ಷ ದೊಡ್ಡ ಕ್ಲಬ್ಬುಗಳೆಲ್ಲ ಎದ್ದು ಹೋಗಿ ಬೇರೆ ಸಂಘ ಕಟ್ಟಿಕೊಂಡವು. ನೀವೂ ಸೇರಬೇಕಾದರೆ ಈ 12 ಆಟಗಾರರನ್ನು ಬಿಡಿ ಅಂತ ವಾಸ್ಕೋಗೆ ಷರತ್ತು ಹಾಕಿದವು. ಇವರಿಗೆ ಸರಿಯಾದ ಕೆಲಸವಿಲ್ಲ, ಓದು ಬರಹ ಬರುವುದಿಲ್ಲ ಅಂತ ನೆಪ. ಬಣ್ಣದ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಮ್ಯಾಚಿಗೆ ಮುಂಚೆ ಆಟಗಾರರು ತಮ್ಮ ಹೆಸರು ತಾವೇ ಬರೆದು ಸಹಿ ಹಾಕಬೇಕಿತ್ತು. ಅದಕ್ಕಾಗಿ ಕ್ಲಬ್ಬಿನವರೇ ಕೂರಿಸಿ ಅಕ್ಷರ ಕಲಿಸಿದರಂತೆ. ಒಬ್ಬನ ಮನೆತನದ ಹೆಸರು ಬರೆಯಲು ಕಷ್ಟ ಅಂತ ಅದನ್ನೇ ಸಿಲ್ವಾ ಅಂತ ಬದಲಾಯಿಸಿದರಂತೆ.

1924ರ ಏಪ್ರಿಲ್ 7ಕ್ಕೆ ಕ್ಲಬ್ಬಿನ ಅಧ್ಯಕ್ಷ ಜೋಸೆ ಅಗುಸ್ಟೊ ಪ್ರೆಸ್ಟೆಸ್ ಒಂದು ಕಾಗದ ಬರೆದರು. ಗೆಳೆಯ ಅದನ್ನು ಮೊಬೈಲಿನಲ್ಲಿ ತೆಗೆದು, ಸಾಲಿನಲ್ಲೇ ನಿಂತು ಅರ್ಥ ಹೇಳಿದ. ಚಿಕ್ಕ ಕಾಗದ. ಗೆಲ್ಲಿಸಿಕೊಟ್ಟವರನ್ನು ಬಲಿ ಕೊಟ್ಟು ಸಂಘ ಸೇರುವುದು ನಮಗೆ ಮರ್ಯಾದೆಯಲ್ಲ, ಆದ್ದರಿಂದ ಸೇರುವುದಿಲ್ಲ ಅಂತ ಅದರ ಸಾರ. ಕೂಗಾಟವಿಲ್ಲ, ಬೈಗುಳವಿಲ್ಲ. ಸರ್ಕಾರಿ ಕಾಗದದಷ್ಟೇ ವಿನಯ. ಹಾಗೆ ಬರೆದದ್ದೇ ಜಾಸ್ತಿ ನಾಟುತ್ತದೆ. ಒಂದು ವರ್ಷದ ಮೇಲೆ ಅದೇ ಸಂಘ ಇವರನ್ನು ಒಳಗೆ ಬಿಟ್ಟುಕೊಂಡಿತು.

ಕರಿಯರನ್ನು ಆಡಿಸಿದ ಮೊದಲ ಕ್ಲಬ್ ವಾಸ್ಕೋ ಅಂತ ಕೆಲವರು ಹೇಳುತ್ತಾರೆ. ಅದು ಅಷ್ಟು ಸರಿಯಲ್ಲ. ರಿಯೋದಲ್ಲೇ ಕಾರ್ಖಾನೆ ಕೆಲಸಗಾರರ ಬಂಗು ಕ್ಲಬ್ 1905ರಲ್ಲೇ ಆಡಿಸಿತ್ತು. ಆದರೆ ಗೆದ್ದ ಮೇಲೂ, ಬಾಗಿಲು ಮುಚ್ಚಿದಾಗಲೂ ತನ್ನವರನ್ನು ಬಿಟ್ಟುಕೊಡದೆ ನಿಲ್ಲುವುದು ಬೇರೆಯೇ ಮಾತು, ಅಲ್ವಾ?

ನಿಮಗೆ ತಕ್ಕ ಮೈದಾನವೇ ಇಲ್ಲ ಅಂತ ವಾಸ್ಕೋ ಮೇಲೆ ಇನ್ನೊಂದು ಮಾತೂ ಇತ್ತು. ಅಭಿಮಾನಿಗಳು ಚಂದಾ ಎತ್ತಿ ಈ ಸ್ಟೇಡಿಯಂ ಕಟ್ಟಿದರು. 1927ರ ಏಪ್ರಿಲ್ 21ಕ್ಕೆ ಉದ್ಘಾಟನೆ. ಮೊದಲ ಮ್ಯಾಚಿನಲ್ಲೇ ಸ್ಯಾಂಟೋಸ್ ತಂಡ ಬಂದು 5-3ರಿಂದ ಸೋಲಿಸಿ ಹೋಯಿತು, ಪಾಪ. 1940ರ ಮೇ 1ಕ್ಕೆ ಬ್ರೆಜಿಲ್‌ನ ಅಧ್ಯಕ್ಷ ಗೆಟುಲಿಯೊ ವರ್ಗಸ್ ದೇಶಕ್ಕೆ ಕನಿಷ್ಠ ಕೂಲಿ ಘೋಷಿಸಿದ್ದೂ ಇಲ್ಲೇ.

ಒಳಗೆ ಹೋಗಿ ಕೂತೆವು. ಗೋಲಿನ ಹಿಂದೆ ವಾಸ್ಕೋದ ಹೆಸರಾಂತ ಆಟಗಾರ ರೊಮಾರಿಯೊನ ಪ್ರತಿಮೆ. 2007ರಲ್ಲಿ ಅವನು ಸಾವಿರದ ಗೋಲು ಹೊಡೆದದ್ದು ಇದೇ ಮೈದಾನದಲ್ಲಿ, ಪೆನಾಲ್ಟಿಯಲ್ಲಿ. ಲೆಕ್ಕ ಅವನದೇ, ಹುಡುಗನಾಗಿದ್ದಾಗ ಹೊಡೆದದ್ದೂ ಸೇರಿದೆ. ಮ್ಯಾಚಿಗೆ ಮುಂಚೆ ಯಾರೋ ಒಬ್ಬ 'ವಾಸ್ಕೋಗೆ ಏನೂ ಇಲ್ವಾ?' ಅಂತ ಕೂಗಿದ. ಇಡೀ ಗ್ಯಾಲರಿ 'ಎಲ್ಲಾ!' ಅಂತ ಗುಡುಗಿತು. ಆಮೇಲೆ 'ಕಜಾಕ, ಕಜಾಕ' ಅಂತ ಅವರ ಘೋಷಣೆ ಶುರು. ಕೂತಿದ್ದ ಸಿಮೆಂಟು ನಡುಗುವುದು ತೊಡೆಗೆ ಗೊತ್ತಾಗುತ್ತಿತ್ತು.

ಪಕ್ಕದಲ್ಲಿ ಒಬ್ಬ ಕಪ್ಪು ಬಣ್ಣದ ಅಜ್ಜ, ಕಿವಿಗೆ ರೇಡಿಯೋ ಒತ್ತಿಕೊಂಡು ಕೂತಿದ್ದ. ನಾನು ಭಾರತದವನು ಅಂತ ಗೆಳೆಯ ಹೇಳಿದ್ದೇ ತಡ, ಅಜ್ಜನಿಗೆ ಖುಷಿಯೋ ಖುಷಿ. 'ಹಾಗಾದರೆ ನಮ್ಮ ವಾಸ್ಕೋ ನಿಮ್ಮ ಮನೆಗೆ ಬಂದಿದ್ದ!' ಅಂತ ಬೆನ್ನು ತಟ್ಟಿದ. ನಕ್ಕು ಸುಮ್ಮನಾಗಬಹುದಿತ್ತು. ನಾನು ಹೇಳಿಯೇಬಿಟ್ಟೆ. 1502ರಲ್ಲಿ ಅವನು ಎರಡನೇ ಸಲ ಬಂದಾಗ, ಮೆಕ್ಕಾದಿಂದ ವಾಪಸ್ ಬರುತ್ತಿದ್ದ ಹಡಗೊಂದನ್ನು ಹೆಂಗಸರು ಮಕ್ಕಳು ಸಮೇತ ಸುಟ್ಟ ಅಂತ. ಗೆಳೆಯ ಮುಖ ಸಣ್ಣದು ಮಾಡಿಕೊಂಡೇ ಅನುವಾದಿಸಿದ. ಅಜ್ಜ ರೇಡಿಯೋ ಕೆಳಗಿಳಿಸಿ ಪೂರ್ತಿ ಕೇಳಿದ. 'ನನ್ನ ಮುತ್ತಜ್ಜಿಯನ್ನೂ ಅವರೇ ಹಡಗಿನಲ್ಲಿ ತಂದದ್ದು' ಅಂದ. ಅಷ್ಟರಲ್ಲಿ ಕಾರ್ನರ್ ಸಿಕ್ಕಿತು. ಅಜ್ಜ ಎದ್ದು ನಿಂತು ರೆಫ್ರಿಯ ವಂಶವನ್ನೆಲ್ಲ ಬೈಯತೊಡಗಿದ.

ಮ್ಯಾಚು 1-1. ವಾಸ್ಕೋ ಗೋಲು ಬಂದಾಗ ನಾನೂ ಎದ್ದು ಕಿರುಚಿದೆ. ಯೋಚಿಸಿ ಕಿರುಚಿದ್ದಲ್ಲ, ಬಂದುಬಿಟ್ಟಿತು.

ಮೆಟ್ರೋದಲ್ಲಿ ವಾಪಸ್ ಬರುವಾಗ ಗೆಳೆಯನನ್ನು ಕೇಳಿದೆ, ಆ ಹಡಗಿನ ವಿಷಯ ನಿನಗೆ ಬೇಜಾರಾಯ್ತಾ ಅಂತ. ಆಯ್ತು, ಮನೆಗೆ ಹೋಗಿ ಓದ್ತೀನಿ ಅಂದ. ಆದರೆ ಅವನಿಗೆ ನಿಜವಾಗಿ ಮರೆಯಲಾಗದ್ದು ಬೇರೆ. 2001ರ ರಿಯೋ ಫೈನಲ್. ಆಟ ಮುಗಿಯಲು ಇನ್ನೇನು ಕೆಲವೇ ನಿಮಿಷ. ಎರಡು ಗೋಲಿನ ಅಂತರ ಬೇಕಿದ್ದ ಫ್ಲಮೆಂಗೊ 2-1ರಲ್ಲಿ ನಿಂತಿತ್ತು, ಟ್ರೋಫಿ ವಾಸ್ಕೋದ ಕೈಯಲ್ಲೇ ಇತ್ತು. ಆಗ ಫ್ಲಮೆಂಗೊದ ಪೆಟ್ಕೊವಿಚ್ ಒಂದು ಫ್ರೀ ಕಿಕ್ ಹೊಡೆದ. ಆಗ ಇವನಿನ್ನೂ ಚಿಕ್ಕ ಹುಡುಗ, ಅಪ್ಪನ ಜೊತೆ ಟಿವಿ ಮುಂದೆ. ಚೆಂಡು ಎಲ್ಲಿಂದ ಎದ್ದಿತು, ಗೋಡೆಯ ಹಾಗೆ ನಿಂತ ಆಟಗಾರರನ್ನು ದಾಟಿ ಹೇಗೆ ಗೋಲಿನೊಳಕ್ಕೆ ಬಾಗಿತು ಅಂತ, ಜನ ತುಂಬಿದ ಬೋಗಿಯಲ್ಲಿ ಕೈ ಮೇಲೆತ್ತಿ ತೋರಿಸಿದ. ಎದುರಿಗೆ ಫ್ಲಮೆಂಗೊದ ಕೆಂಪು-ಕಪ್ಪು ಅಂಗಿ ಹಾಕಿ ಕೂತಿದ್ದವನೊಬ್ಬ ಅದನ್ನೇ ನೋಡುತ್ತಿದ್ದ. 'ಇನ್ನೂ ಸ್ವಲ್ಪ ಮೇಲೆ' ಅಂತ ತಿದ್ದಿದ.